ಬಟ್ಟಲಿಗೊಂದು ಬೊಟ್ಟು

ಬೆಣ್ಣೆ ಕಾಯಿಸುವಾಗ ಫೋನ್ ಎತ್ತಬಾರದು ಎಂಬುದು ನನಗೆ ನಾನೇ ಹಾಕಿಕೊಂಡ ಕಟ್ಟಳೆ. ತುಪ್ಪ ಹದಕ್ಕೆ ಬಂದ ಗಳಿಗೆ ಕೈತಪ್ಪಿದರೆ ಆಚೆಗೆ ಕರಕಲು, ಈಚೆಗೆ ಹಸಿ ವಾಸನೆ. ಆದರೂ ಕಳೆದ ವಸಂತದ ಆ ಬೆಳಗ್ಗೆ ಎತ್ತಿದೆ. ಪರದೆಯ ಮೇಲೆ ಮಗಳ ಮುಖ ಕಾಣಿಸಿತ್ತು, ಮತ್ತು ಅವಳು ಆ ಹೊತ್ತಿಗೆ ಏಳುವವಳೇ ಅಲ್ಲ. ಸಂಗೀತದವರಿಗೆ ಬೆಳಕು ಹರಿಯುವುದು ನಮ್ಮ ಊಟದ ಹೊತ್ತಿಗೆ.

"ಅಮ್ಮಾ, ಕೂತಿದೀಯಾ?"

"ನಿಂತಿದೀನಿ ಕಣೇ, ತುಪ್ಪ ಒಲೆ ಮೇಲಿದೆ. ಏನಾಯ್ತು?"

"ಮೂರೂ ಸಿಕ್ತು! ಆಲ್ ಥ್ರೀ! ಡಾಲಸ್, ಹ್ಯೂಸ್ಟನ್, ಆಸ್ಟಿನ್!"

ಬೇಸಿಗೆಯಲ್ಲಿ ಇಲ್ಲಿ ಟೆಕ್ಸಸ್ಸಿನಲ್ಲಿ ಹೊಸ ಸಂಗೀತದ ಉತ್ಸವಗಳು ನಡೆಯುತ್ತವೆ. ಹೊಸದು ಎಂದರೆ ನಿಜಕ್ಕೂ ಹೊಸದು. ಬರೆದವರು ಎದುರಿಗೇ ಕೂತಿರುತ್ತಾರೆ, ಶಾಯಿ ಆರಿರುವುದಿಲ್ಲ. ಅನಘಾ ಮೂರು ಊರಿಗೂ ತನ್ನ ರಚನೆಗಳನ್ನು ಕಳಿಸಿದ್ದಳು. ಒಂದಾದರೂ ಸಿಗಲಿ ಎಂದು ನಾನು ದೇವಿಗೆ ಹೇಳಿಕೊಂಡಿದ್ದೆ. ತಾಯಿ ಮೂರನ್ನೂ ಕೊಟ್ಟುಬಿಟ್ಟಳು. ಅದರ ಮೇಲೆ ಇನ್ನೊಂದು ದಯೆ: ಮಾತಿನ ನಡುವೆ ನನ್ನ ಕೈ ತಾನಾಗಿ ಹೋಗಿ ಒಲೆ ಆರಿಸಿತ್ತು. ಆ ಸಲದ ತುಪ್ಪ ಮರಳು ಮರಳಾಗಿ ಕೂತಿತು. ಒಳ್ಳೆಯ ಸುದ್ದಿ ಬಂದ ದಿನ ತುಪ್ಪವೂ ಕೆಡಲಿಲ್ಲ ಎಂದರೆ ಅದೇನು ಸಣ್ಣ ಮಾತೇ?

ಮಗಳು ಏನು ಮಾಡುತ್ತಾಳೆ ಎಂದು ನಾವಿರುವ, ಡಾಲಸ್ ಪಕ್ಕದ ಲೂಯಿಸ್‌ವಿಲ್ಲಿನ ನಮ್ಮ ಗೆಳತಿಯರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. "ಹಾಡ್ತಾಳಾ?" ಇಲ್ಲ. "ಹಾಗಾದ್ರೆ ಪಿಯಾನೋ?" ನುಡಿಸುತ್ತಾಳೆ, ಆದರೆ ಅದಲ್ಲ. "ಮತ್ತೇನ್ರೀ ಮಾಡ್ತಾಳೆ?" ಬರೀತಾಳೆ, ಬೇರೆಯವರು ನುಡಿಸುತ್ತಾರೆ. ಇಷ್ಟು ಹೇಳಿದ ಮೇಲೆ ಒಂದು ಮೌನ ಬರುತ್ತದೆ. ಕೊನೆಗೆ ನಾನು ಕಂಡುಕೊಂಡ ಉಪಾಯ ಹೀಗೆ: ಅವಳು ಅಡುಗೆ ಮಾಡುವವಳು, ಬಡಿಸುವವರು ಬೇರೆ. ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಅವಳ ಅಡುಗೆಯನ್ನು ಒಮ್ಮೆ ರುಚಿ ನೋಡಿದವರು ಮತ್ತೆ ಮೌನಕ್ಕೆ ಹೋಗುತ್ತಾರೆ. ನಾನೂ ಮೊದಮೊದಲು ಹಾಗೆಯೇ ಇದ್ದೆ, ಸುಳ್ಳು ಯಾಕೆ ಹೇಳಲಿ.

ಆಸ್ಟಿನ್ನಿನ ಉತ್ಸವಕ್ಕೆ ಅವಳು ಬರೆದದ್ದು ಬಟ್ಟಲುಗಳ ಮೇಲೆ. ಮೇ ತಿಂಗಳಲ್ಲಿ, ತಾನಿರುವ ಹ್ಯೂಸ್ಟನ್ನಿನಿಂದ ಮನೆಗೆ ಬಂದವಳು ಬ್ಯಾಗನ್ನು ಇಳಿಸಿದ್ದೇ ತಡ, ಅಡುಗೆಮನೆಗೆ ನುಗ್ಗಿ ಪಾತ್ರೆ ಪಾತ್ರೆಯನ್ನೂ ಚಮಚದಲ್ಲಿ ತಟ್ಟಿ ಕಿವಿಗೊಟ್ಟಳು. ಸ್ಟೀಲು ಬೇಡ ಅಂದಳು. ತಾಮ್ರ ಮಂಕು ಅಂದಳು. ಆಮೇಲೆ ದೇವರ ಮನೆಯ ಕಡೆ ತಿರುಗಿದಳು.

ಅಲ್ಲಿ ನಮ್ಮಜ್ಜಿಯ ಕಂಚಿನ ಬಟ್ಟಲುಗಳಿದ್ದವು. ನಂಜನಗೂಡಿನ ಸಂತೆಯಲ್ಲಿ ಅಜ್ಜಿ ಒಂದೊಂದನ್ನೂ ಉಗುರಿನಿಂದ ಚಿಮ್ಮಿಸಿ, ತಲೆ ಓರೆ ಮಾಡಿ ಕೇಳಿ, ದನಿ ನಿಂತದ್ದನ್ನು ಪಕ್ಕಕ್ಕೆ ಇಟ್ಟು, ಮುಂದುವರಿದದ್ದನ್ನು ಮಾತ್ರ ಕೊಂಡುಕೊಂಡಿದ್ದಳಂತೆ. ಹಾಗೆ ಕೇಳಿ ತಂದ ಮೇಲೆ ಮನೆಯಲ್ಲಿ ಮಾತ್ರ ಅವನ್ನು ಯಾರೂ ತಟ್ಟುವಂತಿರಲಿಲ್ಲ. ಪಾತ್ರೆ ಬಾರಿಸಿದರೆ ಮನೆಗೆ ದರಿದ್ರ ಬರುತ್ತದೆ ಎಂದು ನಮ್ಮ ಕೈಗೆ ಏಟು ಬೀಳುತ್ತಿತ್ತು. ಅನಘಾ ಚಿಕ್ಕವಳಾಗಿದ್ದಾಗ ನಾನೂ ಅದೇ ಏಟನ್ನು ಭಕ್ತಿಯಿಂದ ದಾಟಿಸಿದ್ದೇನೆ. ಈಗ ಅವಳು ಪದವಿಯ ಮೇಲೆ ಪದವಿ ಪಡೆದು ಬಂದು ಅದೇ ಬಟ್ಟಲನ್ನು ಸಭೆಯಲ್ಲಿ ಬಾರಿಸುತ್ತೇನೆ ಎಂದರೆ ಅಜ್ಜಿಗೆ ಮೇಲೆ ಏನೆನ್ನಿಸಿತೋ.

"ಇವು ದೇವಿ ಬಟ್ಟಲು ಕಣೆ. ವರಮಹಾಲಕ್ಷ್ಮಿ ಹಬ್ಬಕ್ಕೆ ವಾಪಸ್ ಬರಬೇಕು," ಅಂದೆ.

"ಅಮ್ಮಾ, ಕಾನ್ಸರ್ಟು ಹಬ್ಬದ ಮಾರನೇ ದಿನ."

"ಮಾರನೇ ದಿನ ನಾವೇ ತಂದು ಕೊಡ್ತೀವಿ. ಹಬ್ಬದ ದಿನ ಮಾತ್ರ ಅವು ನನ್ನವು."

ಅದಕ್ಕೆ ಅವಳು ಒಪ್ಪಿದಳು. ಬಟ್ಟಲುಗಳನ್ನು ಒಯ್ದು, ಪ್ರತಿಯೊಂದರ ಅಂಚಿನ ಕೆಳಗೆ ಹೊರಗಡೆ ಚಿಟಿಕೆ ಚಿಟಿಕೆ ಮೇಣ ಮೆತ್ತಿದಳು. ತೂಕ ಒಂದಿಷ್ಟು ಏರಿದರೆ ದನಿ ಒಂದಿಷ್ಟು ಇಳಿಯುತ್ತದಂತೆ. ಹಾಗೆ ಇಳಿಸಿ ಇಳಿಸಿ ಎಲ್ಲವನ್ನೂ ತನಗೆ ಬೇಕಾದ ಶ್ರುತಿಗೆ ಕೂರಿಸಿದಳು. ಕಪ್ಪು ಮೇಣದ ಆ ಗುರುತು ನೋಡಿದರೆ ಎಳೆಯ ಮಕ್ಕಳ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟಿನ ಹಾಗೇ ಇತ್ತು. ಇರಲಿ, ಸಭೆಗೆ ಹೋಗುವ ಬಟ್ಟಲು, ಕಣ್ಣು ಬೀಳದಿರಲಿ ಎಂದುಕೊಂಡೆ.

ಇಲ್ಲಿ ನಮ್ಮ ಯಜಮಾನರ ವಿಷಯ ಹೇಳಬೇಕು. ಹುಬ್ಬಳ್ಳಿಯವರು, ಸೇತುವೆಗಳ ಇಂಜಿನಿಯರ್. ಅವರ ಜೊತೆ ಕಾರಿನಲ್ಲಿ ಹೋದರೆ ಪ್ರತಿ ಫ್ಲೈಓವರಿನ ಜಾತಕ ಕೇಳಿಕೊಂಡೇ ಅದರ ಕೆಳಗೆ ಹಾಯಬೇಕು. ಹೋದ ಚಳಿಗಾಲ ರಿಟೈರ್ ಆದರು. ಆಮೇಲಿನಿಂದ ನನಗೆ ಸಹಾಯ ಮಾಡುತ್ತಿದ್ದಾರೆ. ಮೊದಲ ವಾರದಲ್ಲೇ ನನ್ನ ಮಸಾಲೆ ಡಬ್ಬಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳ ಪ್ರಕಾರ ಜೋಡಿಸಿಟ್ಟರು. ಒಗ್ಗರಣೆಗೆ ಎಣ್ಣೆ ಕಾದು ಹೊಗೆಯಾಡುತ್ತಿದೆ, ಸಾಸಿವೆ ಎಲ್ಲೂ ಇಲ್ಲ. "ಮಸ್ಟರ್ಡ್ ಅಂದ್ರ ಎಮ್ಮಿನಾಗ ಇರ್ತೈತಿ ನೋಡು ಪದ್ಮಾ," ಎಂದು ನಡುಮನೆಯಿಂದ ಉತ್ತರ ಬಂತು. ಒಳ್ಳೆಯ ಮನಸ್ಸು. ಬೈಯಲೂ ಬಾಯಿ ಬರುವುದಿಲ್ಲ.

ಸಂಗೀತ ಮಾತ್ರ ಅವರಿಗೆ ನಿದ್ರೆಯ ಔಷಧಿ. ಮಗಳನ್ನು ಎಲ್ಲಿಗೆ ಬೇಕಾದರೂ ಡ್ರೈವ್ ಮಾಡಿಕೊಂಡು ಹೋಗುತ್ತಾರೆ, ಮೊದಲ ಸಾಲಿನಲ್ಲಿ ಕೂರುತ್ತಾರೆ, ದೀಪ ಮಂದವಾದ ಕೂಡಲೇ ಕಣ್ಣು ಮುಚ್ಚುತ್ತಾರೆ. ಜೂನಿನಲ್ಲಿ ಡಾಲಸ್ಸಿನ ಉತ್ಸವದಲ್ಲಿ ಹಾಗೇ ಆಯಿತು. ಅನಘಾಳ ರಚನೆಗೆ ಮೊದಲು ಬೇರೆ ಯಾರದೋ ಒಂದಿತ್ತು. ಅದರಲ್ಲಿ ಕೊಳಲಿನ ಹುಡುಗಿ ಸ್ವರವನ್ನೇ ನುಡಿಸದೆ ಬರೀ ಉಸಿರು ಬಿಟ್ಟಳು. ನಾನು ಪ್ರಾಣಾಯಾಮ ಎಂದುಕೊಂಡು ಅವಳ ಜೊತೆಗೆ ಬಿಟ್ಟೆ, ಬೆನ್ನುನೋವು ಕಡಿಮೆಯಾಯಿತು. ಆಮೇಲೆ ನಮ್ಮ ಅನಘಾಳದ್ದು. ಅದು ಟೆಕ್ಸಸ್ಸಿನ ಸುಂಟರಗಾಳಿಯ ಮೇಲೆ ಬರೆದದ್ದು. ಪಿಟೀಲುಗಳು ಗುಡುಗಿದವು, ಸಿಡಿದವು, ನನ್ನ ಎದೆ ಹಾರಿತು. ಇವರು ಅಲುಗಲಿಲ್ಲ. ಮುಗಿದ ಮೇಲೆ ಬಿಳಿ ಗಡ್ಡದ ಅಮೆರಿಕನ್ ಒಬ್ಬರು ಬಂದು ಇವರ ಕೈ ಕುಲುಕಿ, ನೀವು ಕಣ್ಣು ಮುಚ್ಚಿ ಇಡೀ ಹೊತ್ತು ಒಳಗಿಳಿದು ಕೇಳಿದ್ದನ್ನು ನೋಡಿದೆ, ಏನೆನ್ನಿಸಿತು ಎಂದು ಗೌರವದಿಂದ ವಿಚಾರಿಸಿದರು.

"ವೆರಿ ಪೀಸ್‌ಫುಲ್," ಅಂದರು ಇವರು.

ಅನಘಾ ಅಲ್ಲೇ ಇದ್ದಳು. ನಕ್ಕಳು. ಆದರೆ ಕಾರಿನಲ್ಲಿ ಮನೆಗೆ ಬರುವಾಗ ಕಿಟಕಿಯ ಕಡೆ ತಿರುಗಿಕೊಂಡೇ ಕೂತಿದ್ದಳು. ತಾಯಿಗೆ ಕಾಣದೆ ಇರುತ್ತದೆಯೇ?

ಜುಲೈಯಲ್ಲಿ ಹ್ಯೂಸ್ಟನ್. ಅದರ ಮಗ್ಗುಲಿನ ಶುಗರ್ ಲ್ಯಾಂಡಿನಲ್ಲಿ ಇವರ ಅಕ್ಕ ಶಾರದಕ್ಕ ಇದ್ದಾರೆ, ಮಕ್ಕಳ ಡಾಕ್ಟರಾಗಿದ್ದವರು. ಅವರ ಮನೆಯಲ್ಲಿ ಉಳಿದೆವು. ಅಲ್ಲಿಯ ಉತ್ಸವದಲ್ಲಿ ಬಟ್ಟಲಿನ ರಚನೆಯ ಒಂದು ತುಣುಕನ್ನು ಮಾತ್ರ, ಕಾರ್ಯಾಗಾರದ ರೀತಿಯಲ್ಲಿ, ನುಡಿಸಿ ತೋರಿಸಿದರು. ಶಾರದಕ್ಕ ಕಚೇರಿಗೆ ಹೋದರೆ ತೊಡೆಯ ಮೇಲೆ ತಾಳ ಹಾಕದೆ ಇರಲಾರರು. ಆದಿತಾಳದಲ್ಲಿ ಶುರು ಮಾಡಿದರು. ಎರಡು ಸಲ ಬಿಟ್ಟರು, ಮತ್ತೆ ಹಿಡಿದರು. ಕೊನೆಗೆ ನನ್ನ ಕಿವಿಗೆ ಬಾಗಿ, "ಅಲ್ಲ ಪದ್ಮಾ, ಇದು ಶುರು ಆತೋ, ಮುಗೀತೋ? ನನ್ನ ತೊಡಿ ಕೆಂಪಾತು, ತಾಳ ಸಿಗವಲ್ದು," ಅಂದರು. ಆದರೆ ಹೊರಗೆ ಬಂದ ಮೇಲೆ ಅನಘಾಳ ಗಲ್ಲ ಹಿಡಿದು, "ತಿಳೀಲಿಲ್ಲವಾ, ಆದ್ರ ಆ ಬಟ್ಟಲದ ದನಿ ಇನ್ನೂ ಇಲ್ಲೇ ಐತಿ ನೋಡು," ಎಂದು ಎದೆ ಮುಟ್ಟಿಕೊಂಡರು. ಆ ಹುಡುಗಿಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಆಗಸ್ಟಿನಲ್ಲಿ ಹಬ್ಬ ಬಂತು. ಹೇಳಿದ ಮಾತಿನಂತೆ ಬಟ್ಟಲುಗಳು ಮನೆಗೆ ಬಂದವು. ಅನಘಾ ರಿಹರ್ಸಲ್ಲಿಗೆ ಆಸ್ಟಿನ್ನಿನಲ್ಲೇ ಉಳಿದಳು. ಮೇಣಕ್ಕೆ ಬಿಸಿ ತಾಗಬಾರದು ಎಂದು ಅವುಗಳಲ್ಲಿ ಕಲ್ಲುಸಕ್ಕರೆ, ದ್ರಾಕ್ಷಿ, ಗೋಡಂಬಿಗಳನ್ನಷ್ಟೇ ಇಟ್ಟು ದೇವಿಗೆ ನೈವೇದ್ಯ ಮಾಡಿದೆ. ಒದ್ದೆ ಬಟ್ಟೆಯಲ್ಲಿ ಒಳಗನ್ನು ಮಾತ್ರ ಒರೆಸಿದೆ. ಒಂದು ಬೊಟ್ಟೂ ಕದಲದಂತೆ ನೋಡಿಕೊಂಡೆ. ನಾಳೆ ಸಂಜೆ ವಾದ್ಯದ ಮಕ್ಕಳಿಗೆ ಬಿಸಿ ಬಿಸಿ ಒಬ್ಬಟ್ಟು ಮಾಡಿಕೊಡುತ್ತೇನೆ ಎಂದು ಅನಘಾಗೆ ಮಾತು ಕೊಟ್ಟಿದ್ದರಿಂದ, ಹೂರಣ ಒಂದು ಡಬ್ಬಕ್ಕೆ, ಕಣಕ ಇನ್ನೊಂದು ಡಬ್ಬಕ್ಕೆ ತುಂಬಿ ಐಸ್ ಪೆಟ್ಟಿಗೆಯಲ್ಲಿಟ್ಟೆ. ಆಸ್ಟಿನ್ ಪಕ್ಕದ ಜಾರ್ಜ್‌ಟೌನಿನಲ್ಲಿ ಶಾರದಕ್ಕನ ಮಗನ ಹೊಸ ಮನೆ ಇದೆ. ಅವನು ಊರಲ್ಲಿರಲಿಲ್ಲ, ಬೀಗದಕೈ ಹಿಡಿದು ಶಾರದಕ್ಕನೇ ಆಸ್ಟಿನ್ನಿಗೆ ಬರುವವರಿದ್ದರು. ಅಡುಗೆ ಅಲ್ಲೇ ಎಂದು ಗೊತ್ತಾಗಿತ್ತು.

ಮರುದಿನ ಬೆಳಗ್ಗೆ ನಾನು ಸ್ನಾನ ಮುಗಿಸಿ, ಕಳಶ ಕದಲಿಸಿ ಬರುವಷ್ಟರಲ್ಲಿ ಇವರು ಬಟ್ಟಲುಗಳನ್ನು ಟವೆಲಿನಲ್ಲಿ ಸುತ್ತಿ ಕಾರಿನಲ್ಲಿಟ್ಟಿದ್ದರು. ಪರವಾಗಿಲ್ಲ, ಒಂದು ಕೆಲಸ ಹಗುರಾಯಿತು ಎಂದುಕೊಂಡೆ. ದಾರಿಯುದ್ದಕ್ಕೂ ಸೇತುವೆಗಳ ಕಥೆ ಹೇಳಿಸಿಕೊಂಡು ಆಸ್ಟಿನ್ ತಲುಪಿದೆವು. ಆ ಬಿಸಿಲಿನಲ್ಲಿ ಕಾರೊಳಗೆ ಕಣಕ ಬಿಡುವುದುಂಟೇ? ಪೆಟ್ಟಿಗೆಯನ್ನೂ ಎತ್ತಿಕೊಂಡು ಸಭಾಂಗಣದ ಒಳಗೆ ಹೋದೆ.

ಬಟ್ಟಲು ನುಡಿಸುವವಳು ಎಮಿಲಿ ಎಂಬ ಎತ್ತರದ ಹುಡುಗಿ, ಮೊಣಕೈಯವರೆಗೂ ಹಚ್ಚೆ. ಟವೆಲ್ ಬಿಚ್ಚಿ, "ಓ, ಸೋ ಶೈನಿ!" ಅಂದಳು. ನಿಜಕ್ಕೂ ಹೊಸ ಮದುವಣಗಿತ್ತಿಯರ ಹಾಗೆ ಹೊಳೆಯುತ್ತಿದ್ದವು. ಕೋಲಿನಿಂದ ಒಂದನ್ನು ಮುಟ್ಟಿದಳು. ಇನ್ನೊಂದನ್ನು ಮುಟ್ಟಿದಳು. ಆಮೇಲೆ ಮೆಲ್ಲಗೆ ಅನಘಾಳ ಕಡೆ ತಿರುಗಿದಳು.

"ಅಮ್ಮಾ, ವ್ಯಾಕ್ಸ್ ಎಲ್ಲಿ?"

ನಾನು ಇವರ ಮುಖ ನೋಡಿದೆ. ಇವರ ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು. "ಅದಾ? ಏನೋ ಮೇಣ ಹತ್ತಿತ್ತವಾ. ಚಮಚಾದ ಹಿಂಬದಿಯಿಂದ ಕೆತ್ತಿ ತಗದೆ. ಆಮೇಲೆ ಟೊಮೆಟೊ ಕೆಚಪ್ ಹಚ್ಚಿ ತಿಕ್ಕೀನಿ, ವಿಡಿಯೋದಾಗ ತೋರಿಸಿದ್ರು. ಸ್ಟೇಜ್ ಮ್ಯಾಲೆ ಹೋಗೋ ಸಾಮಾನು, ಹೊಳೀಬೇಕಲ್ಲ! ಹೆಂಗ ಆಗ್ಯಾವ ನೋಡು!"

ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದು ಲೋಟ ತೊಳೆದವರಲ್ಲ. ತೊಳೆದದ್ದು ಇದೊಂದೇ ಸಲ.

"ಅಪ್ಪಾ... ದಟ್ ವಾಸ್ ದ ಟ್ಯೂನಿಂಗ್," ಅಂದಳು ಅನಘಾ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನೀವು ಒಂದ್ ಸಲಾನಾದ್ರೂ ಕೇಳಿಸ್ಕೊಂಡಿದ್ರೆ ಗೊತ್ತಾಗ್ತಿತ್ತು. ಈವನ್ ಒನ್ಸ್."

ಎಲ್ಲದಕ್ಕೂ ಉತ್ತರವಿರುವ ಮನುಷ್ಯ ಕೈಯಲ್ಲಿದ್ದ ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಉಳಿದ ಮೇಣ ಹ್ಯೂಸ್ಟನ್ನಿನ ಅವಳ ಕೋಣೆಯಲ್ಲಿತ್ತು. ಯಾರೋ ಮೇಣದಬತ್ತಿ ಹುಡುಕಿ ತಂದರು. ಕೆಚಪ್ಪಿನಿಂದ ಕನ್ನಡಿಯಾಗಿದ್ದ ಕಂಚಿಗೆ ಅದು ಅಂಟಲೇ ಇಲ್ಲ, ಚೂರು ಚೂರಾಗಿ ಉದುರಿತು. ಉತ್ಸವದವರು ಒಳ್ಳೆಯವರೇ, ಆದರೆ ಅವರಿಗೂ ಗಡಿಯಾರ ಇದೆ. ಬಾಗಿಲು ತೆರೆಯುವುದರೊಳಗೆ ಸರಿಯಾಗದಿದ್ದರೆ ಈ ರಚನೆಯನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೇವೆ ಎಂದರು. ಅನಘಾ ತಲೆಯಾಡಿಸಿ, ಹಿಂದಿನ ಸಾಲಿಗೆ ಹೋಗಿ, ಮಡಿಲಲ್ಲಿ ಒಂದು ಬಟ್ಟಲು ಇಟ್ಟುಕೊಂಡು ಕೂತಳು. ಇಡೀ ಬೇಸಿಗೆ ಅವಳು ಓಡಾಡಿದ್ದು ಈ ಒಂದು ಸಂಜೆಗೆ.

ನಾನು ಐಸ್ ಪೆಟ್ಟಿಗೆಯ ಪಕ್ಕ ಕೂತು ಕಣ್ಣು ಮುಚ್ಚಿದೆ. ತಾಯೀ, ನಿನ್ನ ಬಟ್ಟಲು, ನಿನ್ನ ಮಗು, ನೀನೇ ನೋಡಿಕೋ ಎಂದೆ. ದೇವಿ ಎದುರು ಬಂದು ನಿಂತಳು ಎಂದೆಲ್ಲ ಹೇಳುವವಳಲ್ಲ ನಾನು. ನೆನಪಿಗೆ ಬಂದದ್ದು ಮೃದಂಗ. ನಂಜನಗೂಡಿನಲ್ಲಿ ರಾಮೋತ್ಸವದ ಕಚೇರಿ ನಮ್ಮ ಬೀದಿಯ ಚಪ್ಪರದಲ್ಲಿ ನಡೆಯುತ್ತಿತ್ತು. ಮೃದಂಗದವರು ಕೂರುವ ಮೊದಲು ನಮ್ಮ ಮನೆಯಿಂದ ನೆನೆಸಿದ ರವೆ ಕೇಳಿ ತರಿಸಿಕೊಳ್ಳುತ್ತಿದ್ದರು. ಎಡಗಡೆಯ ಮುಖಕ್ಕೆ ಅದನ್ನು ಮೆತ್ತಿದರೆ ದನಿ ಇಳಿದು ಗುಂ ಎನ್ನುತ್ತಿತ್ತು. ಉಪ್ಪಿಟ್ಟಾಗಬೇಕಾದ ರವೆ ಹೀಗಾಯಿತಲ್ಲ ಎಂದು ನಮಗೆಲ್ಲ ನಗು.

ನಾನು ಎದ್ದು ಮಗಳ ಹತ್ತಿರ ಹೋದೆ. "ಅಂಟಬೇಕು, ತೂಕ ಇರಬೇಕು. ಅಷ್ಟೇ ತಾನೇ?"

"ಯಾ... ಯಾಕೆ?"

ಡಬ್ಬದ ಮುಚ್ಚಳ ತೆಗೆದೆ. ಚಿರೋಟಿ ರವೆ, ಮೈದಾ, ಅರಿಶಿನ. ರಾತ್ರಿಯೆಲ್ಲ ನೆನೆದ ಕಣಕ. ಮೇಲಿನ ಎಣ್ಣೆಯ ಪದರ ಬಿಟ್ಟು ಒಳಗಿನಿಂದ ಒಂದು ಚಿಟಿಕೆ ಕಿತ್ತು ಅವಳ ಮಡಿಲ ಬಟ್ಟಲಿಗೆ ಒತ್ತಿದೆ. ಅಂಟಿತು. ತಲೆಕೆಳಗು ಮಾಡಿದೆ. ಬೀಳಲಿಲ್ಲ.

"ಅಮ್ಮಾ!" ಅಂದಳು. "ಈಸ್ ದಿಸ್ ಒಬ್ಬಟ್ಟು?"

"ಅರ್ಧ ಒಬ್ಬಟ್ಟು. ಬೇಗ ಏಳು."

ಮೆತ್ತುವುದು ನಾನು, ಬಾರಿಸುವುದು ಎಮಿಲಿ, ಕೇಳುವುದು ಅನಘಾ. ಇವರಿಗೆ ಶ್ರುತಿ ತೋರಿಸುವ ಆ್ಯಪ್ ಇದ್ದ ಫೋನು ಕೊಟ್ಟು ಸೂಜಿ ನೋಡಲು ಹೇಳಿದೆವು. ಕಣ್ಣು ಕೀಳದೆ ಕೂತು ನೋಡಿದರು. "ಇನ್ನೂ ಮ್ಯಾಲೆ." "ಈಗ ಭಾಳ ಕೆಳಗ." ಇಷ್ಟೇ ಮಾತು. ಮೊದಲಿನವು ಕೂತವು. ನಡುವಿನ ಒಂದಕ್ಕೆ ಸೂಜಿ ಸರಿಯಾದ ಜಾಗದಲ್ಲೇ ನಿಂತಿತು. ಎಮಿಲಿ ಮುಂದಿನದನ್ನು ಎತ್ತಿಕೊಂಡಳು.

"ತಡೀ," ಅಂದರು ಇವರು. ತಲೆ ಓರೆಯಾಗಿತ್ತು. "ಸೂಜಿ ಸರಿ ಐತಿ. ಆದ್ರ ಇದು ನಡುಗಾಕತ್ತೈತಿ. ಆಜೂಬಾಜೂದವು ತಣ್ಣಗ ಹೊಂಟಾವ, ಇದೊಂದು ಅಲ್ಲಾಡತೈತಿ. ಕೇಳ್ರಿ ಬೇಕಾದ್ರ."

ಅನಘಾ ಕೇಳಿದಳು. ಇನ್ನೊಮ್ಮೆ ಕೇಳಿದಳು. ನಾನು ಬೊಟ್ಟನ್ನು ಒಂದೇ ಕಡೆ ದಪ್ಪಗೆ ಇಟ್ಟಿದ್ದೆ; ಅವಳು ಅದನ್ನು ಒಡೆದು ಎದುರು ಬದುರು ಇಟ್ಟಳು. ನಡುಕ ನಿಂತಿತು.

"ಅಪ್ಪಾ, ಯೂ ಹರ್ಡ್ ದಟ್?"

"ಕಿವಿ ಅದಾವಲ್ಲವಾ ನನಗೂ," ಅಂದರು. ಆಮೇಲೆ, ತೀರಾ ಸಣ್ಣಗೆ, "ಸೇತುವೆ ಸೈತ ಹಿಂಗ ನಡಗತಾವ. ಅದನ್ನ ಕೇಳೂದ ನನ್ನ ಕೆಲಸ ಆಗಿತ್ತು. ಇಲ್ಲಿ ಯಾಕ ಕೇಳಲಿಲ್ಲೋ, ತಿಳೀವಲ್ದು."

ಅವಳು ಫೋನನ್ನು ಅವರ ಕೈಯಿಂದ ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡಳು. ಉಳಿದ ಬಟ್ಟಲುಗಳನ್ನು ಅಪ್ಪ ಮಗಳು ಬರೀ ಕಿವಿಯಿಂದ ಕೂರಿಸಿದರು. ಬಾಗಿಲು ತೆರೆಯುವ ಹೊತ್ತಿಗೆ ವೇದಿಕೆಯ ಮೇಲೆ ಎಲ್ಲವೂ ಅರಿಶಿನದ ಬೊಟ್ಟು ಇಟ್ಟುಕೊಂಡು ಮುತ್ತೈದೆಯರ ಹಾಗೆ ಸಾಲಾಗಿ ಕೂತಿದ್ದವು.

ಆ ಸಂಗೀತ ಹೇಗಿತ್ತು ಎಂದು ನನ್ನನ್ನು ಕೇಳಬೇಡಿ. ಒಂದು ದನಿ ಏಳುತ್ತಿತ್ತು, ಅದು ಮುಗಿಯುವುದನ್ನು ಇನ್ನೊಂದು ಕಾಯುತ್ತಿತ್ತು. ಮನೆಯಲ್ಲಿ ಎಲ್ಲರೂ ಊಟ ಮಾಡಿ ಎದ್ದ ಮೇಲೆ ಒಂದು ಶಾಂತಿ ಇರುತ್ತದಲ್ಲ, ನಡುನಡುವೆ ಅಂಥದ್ದು ಬಂತು. ನನಗೆ ಪೂರ್ತಿ ಅದರೊಳಗೆ ಹೋಗಲಾಗಲಿಲ್ಲ, ಯಾಕೆಂದರೆ ಇವರು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಕಣ್ಣು ಅಗಲ. ಸೀಟಿನ ಅಂಚಿನಲ್ಲಿ ಕೂತಿದ್ದರು. ನೋಡಿದರೆ, ದೀಪಗಳ ಕಾವಿಗೆ ಒಂದು ಬೊಟ್ಟು ಮೆಲ್ಲಗೆ ಜಾರುತ್ತಿದೆ. ಎಳೆಯಾಗಿ ಇಳಿಯಿತು, ಇನ್ನೂ ಇಳಿಯಿತು. "ಬಿತ್ತು, ಬಿತ್ತು," ಎಂದು ಇವರು ಉಸುರುತ್ತಲೇ ಇದ್ದರು. ಬೀಳಲಿಲ್ಲ. ಕೊನೆಯ ದನಿ ಆರುವವರೆಗೂ ಕಚ್ಚಿಕೊಂಡಿತ್ತು. ನಾದಿದ್ದು ನಾನಲ್ಲವೇ, ಇಷ್ಟಾದರೂ ಹೇಳಿಕೊಳ್ಳುತ್ತೇನೆ.

ಚಪ್ಪಾಳೆ ಬಿತ್ತು. ಅನಘಾ ವೇದಿಕೆಗೆ ಹೋಗಿ ಬಾಗಿ, ಎಮಿಲಿಯನ್ನು ತೋರಿಸಿ, ಆಮೇಲೆ ನಮ್ಮ ಸಾಲಿನ ಕಡೆ ಕೈ ಚಾಚಿದಳು. ಇವರು ಎದ್ದು ನಿಂತು ಚುನಾವಣೆ ಗೆದ್ದವರ ಹಾಗೆ ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದರು. ಶಾರದಕ್ಕ ಹಿಂದಿನಿಂದ, "ಯಾಕೋ ತಮ್ಮಾ, ಇವತ್ತ ನಿದ್ದಿ ಹತ್ತಲಿಲ್ಲೇನು?" ಎಂದು ಚುಚ್ಚಿದರು. ಇವರು ಕೇಳಿಸಿಕೊಳ್ಳಲಿಲ್ಲ.

ಜಾರ್ಜ್‌ಟೌನಿಗೆ ಹೋಗುವಾಗ ಕಾರನ್ನು ನನ್ನ ಕೈಗೆ ಕೊಟ್ಟರು. ಬಟ್ಟಲುಗಳ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಏಸಿಯನ್ನು ಅದರ ಕಡೆ ತಿರುಗಿಸಿ ಕೂತರು. ಒಂದು ಸೇತುವೆಯ ಮಾತೂ ಇಲ್ಲ. ಮನೆ ಮುಟ್ಟಿದ ಮೇಲೆ ಶಾರದಕ್ಕ, ಹಿಟ್ಟು ಒಣಗಿದರೆ ಬಿಡುವುದಿಲ್ಲ, ಬಟ್ಟಲುಗಳನ್ನು ನೀರಿಗೆ ಹಾಕೋಣ ಎಂದು ಕೈ ಚಾಚಿದರು.

"ಯಾರೂ ಮುಟ್ಟಬ್ಯಾಡ್ರಿ!" ಇವರು ತಟ್ಟೆಯನ್ನು ಎದೆಗೆ ಒತ್ತಿಕೊಂಡರು. "ಇನ್ನೊಮ್ಮೆ ಪೂರ್ತಿ ಕೇಳೂದೈತಿ. ಅನಘಾ, ಆ ನಡುವಿನ ಜಾಗಾದಾಗ ಅಷ್ಟೊತ್ತು ಯಾಕ ಸುಮ್ಮನಿರಿಸಿದಿ? ಹೇಳು ನನಗ."

ಹುಡುಗಿ ಅವರನ್ನು ನೋಡಿದಳು. ಆಮೇಲೆ ನೆಲದ ಮೇಲೆ ಅವರ ಎದುರು ಚಕ್ಕಂಬಕ್ಕಳ ಹಾಕಿ ಕೂತು, ತಡವರಿಸುತ್ತ, ಪದ ಹುಡುಕಿ ಹುಡುಕಿ, ಕನ್ನಡದಲ್ಲೇ ಹೇಳತೊಡಗಿದಳು. ಎಮಿಲಿ ಮತ್ತು ಉಳಿದ ಮಕ್ಕಳು ಅಡುಗೆಮನೆಯ ಬಾಗಿಲಲ್ಲಿ ಹಸಿದು ನಿಂತಿದ್ದರು.

ನಾನು ಡಬ್ಬ ತೆಗೆದು ನೋಡಿದೆ. ಹೂರಣ ಬೇಕಾದಷ್ಟಿತ್ತು. ಕಣಕದ ಮುಕ್ಕಾಲು ಪಾಲು ಅಲ್ಲಿ ಬಟ್ಟಲುಗಳ ಮೈಮೇಲೆ ಕೂತಿತ್ತು. ಶಾರದಕ್ಕನನ್ನು ಮೈದಾ ಎಲ್ಲಿದೆ ಎಂದು ಕೇಳಿ, ಬಳೆ ಮೇಲಕ್ಕೆ ಸರಿಸಿಕೊಂಡು, ಹೊಸದಾಗಿ ಕಲಸಲು ನಿಂತೆ.